ಸರಳು ಅಡ್ಡವಾದ ದಿನ

ಊರಿಗೆ ನೀರು ಬಿಡುವ ಹೆಂಗಸನ್ನು ಎಲ್ಲರೂ ನೀರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರೂ ಅಕ್ಕ ಎನ್ನುವವರೇ, ಅವಳ ಮೊಮ್ಮಕ್ಕಳ ವಾರಿಗೆಯವರೂ ಅಕ್ಕ ಎನ್ನುವವರೇ. ಹೆತ್ತವರು ಇಟ್ಟ ಹೆಸರು ಯಾರ ನಾಲಿಗೆಯ ಮೇಲೂ ಉಳಿದಿರಲಿಲ್ಲ. ಗಂಡನಾದವನಂತೂ ಬದುಕಿದ್ದಷ್ಟು ಕಾಲ ‘ಲೇ ಇವಳೇ’ ಎನ್ನುವುದರಲ್ಲೇ ಸಂಸಾರ ಪೂರೈಸಿಬಿಟ್ಟಿದ್ದ.

ಬೆಳಕು ಹರಿಯುತ್ತಿದ್ದಂತೆ ಅವಳು ತನ್ನೆತ್ತರದ ಕಬ್ಬಿಣದ ಸರಳನ್ನು ಹೆಗಲಿಗೇರಿಸಿ ಪಂಪ್‌ಹೌಸಿಗೆ ಅಂಟಿಕೊಂಡ ತನ್ನ ಕೋಣೆಯಿಂದ ಹೊರಬೀಳುತ್ತಿದ್ದಳು. ಸರಳಿನ ತುದಿ ಬೀದಿಯ ಕಲ್ಲಿಗೆ ತಾಗಿ ಠಣ್ ಎಂದರೆ ಸಾಕು, ಒಳಗೆ ಬಕೆಟ್ಟುಗಳು ಎಚ್ಚರಗೊಳ್ಳುತ್ತಿದ್ದವು. ಆ ಸರಳಿನಿಂದಲೇ ಒಂದು ದಿನ ಹೆತ್ತ ಮಗಳ ಮನೆಯ ನೀರು ಮುಚ್ಚಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಅದೇ ಸರಳು ಹಿಡಿದು ಅವನನ್ನು ಊರಾಚೆಯವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದಳು. ಆದರೆ ಹಾಗೆ ಯಾರೂ ಹೇಳಲಿಲ್ಲ. ಅಂಥದ್ದನ್ನು ಯಾರೂ ಒಂದೇ ಸಲಕ್ಕೆ ಹೇಳುವುದಿಲ್ಲ.

ಊರು ಎಂದರೆ ದಿಬ್ಬದ ಮೇಲೆ ನಾಲ್ಕಾರು ಬೀದಿ, ದಿಬ್ಬದ ಬುಡದಲ್ಲಿ ತಗ್ಗು. ತಗ್ಗು ಎನ್ನುವುದೇ ಆ ಜಾಗದ ಹೆಸರು. ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳೂ ಇಟ್ಟಿಗೆ ಭಟ್ಟಿಗಳೂ ಶುರುವಾದಾಗ ಕೆಲಸ ಹುಡುಕಿಕೊಂಡು ಬಂದ ಜನ ಅಲ್ಲಿ ನೆಲೆಯೂರಿ ಒಂದು ತಲೆಮಾರೇ ಕಳೆದಿತ್ತು. ಊರ ಕಚೇರಿಯ ಎದುರು, ಚಹಾದಂಗಡಿಯ ಮಗ್ಗುಲಲ್ಲಿ, ಕಬ್ಬಿಣದ ಮುಚ್ಚಳದ ಒಂದು ಗುಂಡಿ ಇತ್ತು. ಟ್ಯಾಂಕಿನಿಂದ ಬಂದ ದೊಡ್ಡ ಕೊಳವೆ ಅಲ್ಲಿ ಕವಲೊಡೆದು ಒಂದು ಮೇಲಿನ ಬೀದಿಗಳಿಗೆ, ಒಂದು ತಗ್ಗಿಗೆ ಹೋಗುತ್ತಿತ್ತು. ತಗ್ಗಿನ ಕವಲಿಗೆ ಇದ್ದದ್ದು ನೀರು ಬಿಟ್ಟು ಮುಚ್ಚುವ ಹಳೆಯ ಕಾಲದ ಹಿತ್ತಾಳೆ ಕೀಲ. ಅದರ ಚೌಕದ ತಲೆಗೆ ಸರಳಿನ ತುದಿಯ ತೂತು ಸಿಕ್ಕಿಸಿ, ನೆಲಕ್ಕೆ ಮಟ್ಟವಾಗಿ ಹಿಡಿಕೆಯಂತೆ ತಿರುಗಿಸಿದರೆ ಆಯಿತು. ಸರಳು ಕೊಳವೆಯ ನೇರಕ್ಕೆ ನಿಂತಿದ್ದರೆ ನೀರು ತುಂಬಿ ಹರಿಯುತ್ತದೆ, ಅಡ್ಡ ನಿಂತರೆ ತೊಟ್ಟೂ ಹೋಗುವುದಿಲ್ಲ. ಒಂದು ಎಳೆತದ ಕೆಲಸ.

ಅಷ್ಟು ಸುಲಭವಾಗಿದ್ದೇ ಅದರ ಅಪಾಯ. “ಓಡ್ತಿರೋ ಹೋರಿ ಎದುರಿಗೆ ದಿಢೀರಂತ ಬಾಗಿಲು ಹಾಕಿದ್ರೆ ಏನಾಗುತ್ತೆ ಲೇ?” ಎಂದು ಅವಳಿಗಿಂತ ಮೊದಲು ಊರಿಗೆ ನೀರು ಬಿಡುತ್ತಿದ್ದ ಗಂಡ ಕೇಳುತ್ತಿದ್ದ. “ಬಾಗಿಲೂ ಹೋಗುತ್ತೆ, ಗೋಡೆನೂ ಹೋಗುತ್ತೆ. ನೀರೂ ಹಂಗೇ. ಹಿಂದಕ್ಕೆ ಒದೆಯುತ್ತೆ. ಬಿಸಿ ಚಹಾನ ಊದಿ ಊದಿ ಕುಡಿಯೋ ಹೊತ್ತು ಹಿಡಿಬೇಕು ಮುಚ್ಚೋಕೆ.” ಕಚೇರಿಯ ಮುಂದೆ ಕೊಳವೆಗೆ ಹಾಕಿದ್ದ ತೇಪೆ ಅವನು ಹೊಸದರಲ್ಲಿ ಅವಸರ ಮಾಡಿದ್ದರ ಗುರುತು. ಅದನ್ನು ದಾಟಿ ಹೋಗುವಾಗಲೆಲ್ಲ ಸತ್ತವರ ಮನೆ ಮುಂದೆ ಹೋಗುವಂತೆ ತಲೆ ತಗ್ಗಿಸುತ್ತಿದ್ದ.

ಅವನು ಎದೆನೋವಿನಿಂದ ಕಣ್ಣುಮುಚ್ಚಿದಾಗ ಮಗಳು ಇನ್ನೂ ಶಾಲೆಯಲ್ಲಿದ್ದಳು. ಸರಳು ನನ್ನ ಕೈಗೇ ಕೊಡಿ ಎಂದು ನೀರಕ್ಕ ಕಚೇರಿಯ ಮೆಟ್ಟಿಲು ಹತ್ತಿದಾಗ ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಚ್ಚು ನಕ್ಕವನು ಗಡಿಯಾರ ರಿಪೇರಿಯವನು. “ಹೆಂಗಸಿನ ಕೈಗೆ ಊರಿನ ನೀರಾ? ಅಡಿಗೆಮನೆ ನಲ್ಲಿ ನಿಲ್ಲಿಸೋಕೆ ನಾಲ್ಕು ಸಲ ಎದ್ದು ಹೋಗ್ತಾರೆ!”

ನಗದೆ ಇದ್ದವರು ಮಾಸ್ತರು. ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿ ಊರ ಸಭೆಯ ಸದಸ್ಯರಾಗಿದ್ದವರು. ಎದುರಿನವನಿಗೆ ನೋವಾಗದಂತೆ ಹಲ್ಲು ಕಿತ್ತುಬಿಡುವಂಥ ಮಾತು ಅವರದು. ಮೊದಲು ಅವರು, “ಕೆಲಸ ಕೊಡೋದು ಬೇಡ, ಕೆಲಸಕ್ಕೆ ಬರೋ ಹೊಸಬನಿಗೆ ಗುಂಡಿಗಳನ್ನ ತೋರಿಸಲಿ, ಸದ್ಯಕ್ಕೆ” ಎಂದರು. ಸರಿ ಎಂದರು ಜನ. ಆಮೇಲೆ, “ಒಂದು ಬೀದಿ ನೋಡ್ಕೊಳ್ಳಲಿ, ಸದ್ಯಕ್ಕೆ” ಎಂದರು. ಆಮೇಲೆ ಎರಡು ಬೀದಿ. ಹೊಸಬನು ಬೇರೆ ಊರಿಗೆ ಹೋದಾಗ ಇಡೀ ಊರಿನ ನೀರು ಅವಳ ಕೈಯಲ್ಲಿತ್ತು, ಬೇಡ ಎನ್ನುವುದನ್ನು ಎಲ್ಲರೂ ಮರೆತಿದ್ದರು. ಸಭೆಯಲ್ಲಿ ಯಾರೋ ನೆನಪು ಮಾಡಿದಾಗ ಗಡಿಯಾರದವನೇ, “ಅಯ್ಯೋ, ಅವಳು ಯಾವಾಗಿಂದಲೂ ಬಿಡ್ತಾ ಇದಾಳಲ್ಲ!” ಎಂದನಂತೆ.

ಆ ಉಪಕಾರ ನೀರಕ್ಕನ ಬೆನ್ನ ಮೇಲೆ ಕೂತಿತ್ತು. ಮಾಸ್ತರು ಬೆಳಗಿನ ಅಡ್ಡಾಟಕ್ಕೆ ಬಂದಾಗ ಗುಂಡಿಯ ಹತ್ತಿರ ನಿಂತು ಎರಡು ಮಾತಾಡಿ ಹೋಗುತ್ತಿದ್ದರು. ಒಂದು ದಿನ, ಯಾಕಮ್ಮ ಇಷ್ಟು ನಿಧಾನ ಎಂದು ಕೇಳಿದರು. ಅವಳು ಹೋರಿಯ ಕಥೆ ಹೇಳಿದಳು.

“ಅವಸರ ಮಾಡಿದ್ರೆ ಒಡೆಯುತ್ತೆ ಅನ್ನು.”

“ಹೂಂ ಮಾಸ್ತರೇ. ಮುಚ್ತಿದೀವಿ ಅಂತ ಕೊಳವೆಗೇ ಗೊತ್ತಾಗಬಾರದು.”

ಮಾಸ್ತರು ಆ ಮಾತನ್ನು ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡಂತೆ ಚಪ್ಪರಿಸುತ್ತಾ ಹೋದರು.

ಮಗಳು ದೊಡ್ಡವಳಾಗಿ ತಗ್ಗಿನ ಬಣ್ಣಗಾರನನ್ನು ಮೆಚ್ಚಿದಳು. ಹುಡುಗ ಯಾವ ಕಡೆಯವನು ಎಂದು ಆಗ ಯಾರೂ ಕೇಳಲಿಲ್ಲ. ಕೇಳಬೇಕು ಎಂದು ಯಾರಿಗೂ ಹೊಳೆಯಲೂ ಇಲ್ಲ. ಮದುವೆ ಊಟಕ್ಕೆ ಇಡೀ ದಿಬ್ಬ ಇಳಿದು ಬಂದಿತ್ತು. ಗಡಿಯಾರದವನು ಎರಡೆರಡು ಸಲ ಬಡಿಸಿಕೊಂಡು ಉಂಡು, ಬಗ್ಗಲಾರದೆ ಎದ್ದು, ಗೋಡೆ ಗಡಿಯಾರವೊಂದನ್ನು ಉಡುಗೊರೆ ಕೊಟ್ಟು ಹೋದ. ಅದು ಇವತ್ತಿಗೂ ಬಣ್ಣದ ಶೆಡ್ಡಿನ ಗೋಡೆಯ ಮೇಲಿದೆ. ಕೊಟ್ಟವನ ಹಾಗೆ ಶಬ್ದ ಜಾಸ್ತಿ, ಕಾಲಕ್ಕೆ ಸ್ವಲ್ಪ ಹಿಂದೆ.

ಹೀಗಿರುವಾಗ ಒಂದು ಬೇಸಗೆ ಪಂಪು ಕೆಟ್ಟು ಊರಿಗೆ ಕೆಲವು ದಿನ ನೀರು ತಡವಾಯಿತು. ಬೇರೆ ಸಾಮಾನು ಬರುವ ತನಕ ಅಷ್ಟೇ. ಆದರೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಗಡಿಯಾರದವನು ಗಂಟಲು ಏರಿಸಿದ. “ತಗ್ಗಿಗೆ ನೀರು ನಿಲ್ಲಿಸ್ರೀ! ಊರ ನೀರು ಊರವರಿಗೆ. ಬಂದವರಿಗೆ ಯಾಕೆ?”

ಬೆಂಚಿನ ಮೇಲಿದ್ದವರೆಲ್ಲ ಬಿಸಿ ಮುಟ್ಟಿಸಿಕೊಂಡವರಂತೆ ತಿರುಗಿ ನೋಡಿದರು. ಚಹಾದವನು ಅವನಿಗೆಂದು ತುಂಬಿಸುತ್ತಿದ್ದ ಲೋಟವನ್ನು ಚೆಲ್ಲಿ, ಅವನ ಮುಂದೆಯೇ ಬೋರಲು ಹಾಕಿದ. “ನೀರು ಕುಡಿಯೋ ಜನಕ್ಕೆ ನೀರು ಬೇಡ ಅನ್ನೋ ಬಾಯಿಗೆ ನನ್ನಂಗಡೀಲಿ ಚಹಾ ಇಲ್ಲ. ಎದ್ದೇಳಣ್ಣ.” ಗಡಿಯಾರದವನು ಸುತ್ತ ನೋಡಿದ. ಒಬ್ಬನೂ ಅವನ ಕಡೆ ಇರಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡು ಎದ್ದು ಹೋದ. ಗುಂಡಿಯ ಮುಚ್ಚಳ ಹಾಕುತ್ತಿದ್ದ ನೀರಕ್ಕ ಇದನ್ನೆಲ್ಲ ನೋಡಿ, ಮಗಳಿಗೆ ಹೇಳಿ ನಗಿಸಬೇಕು ಎಂದುಕೊಂಡಳು. ಹೇಳಿದಳು, ಇಬ್ಬರೂ ನಕ್ಕರು.

ಪಂಪು ಸರಿಹೋಯಿತು. ಟ್ಯಾಂಕು ಮೊದಲಿನಂತೆಯೇ ತುಂಬಿ ತುಳುಕಿತು. ಆ ಮಾತು ಮಾತ್ರ ಬತ್ತಲಿಲ್ಲ. ಯಾವಾಗಲಾದರೂ ನಲ್ಲಿ ಸಣ್ಣಗಾದರೆ ಯಾರೋ ಒಬ್ಬರು, “ಗಡಿಯಾರದವನ ಮಾತು ಕೇಳಿದ್ರೆ ಇಷ್ಟೊತ್ತಿಗೆ ಸ್ನಾನ ಆಗಿರೋದು ನೋಡು” ಎನ್ನುವರು, ಉಳಿದವರು ಕಿಸಕ್ಕೆನ್ನುವರು. ತಮಾಷೆ ತಾನೇ ಎಂದು ನೀರಕ್ಕನೂ ನಕ್ಕಳು. ಹೀಗೆ ನಗುನಗುತ್ತಲೇ ಆ ಮಾತು ಎಲ್ಲರ ಬಾಯಲ್ಲೂ ಒಂದು ಸುತ್ತು ಹಾಕಿ ಬಂತು. ಬಾಯಿಗೆ ರೂಢಿಯಾದದ್ದು ಕಿವಿಗೆ ಚುಚ್ಚುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹಾಲಿನವಳು, “ಅವನು ಹೇಳೋ ರೀತಿ ತಪ್ಪು ಕಣಕ್ಕ, ಆದ್ರೆ…” ಎಂದು ನಿಲ್ಲಿಸಿದಳು. ಆ ‘ಆದ್ರೆ’ ಎನ್ನುವುದರ ಮುಂದೆ ಏನಿದೆ ಎಂದು ನೀರಕ್ಕ ಕೇಳಲಿಲ್ಲ. ಕೇಳಿದ್ದರೆ ಅವಳೂ ಹೇಳುತ್ತಿರಲಿಲ್ಲವೇನೋ. ಎರಡನೆಯ ಬೇಸಗೆಗೆ ಜನ ತಾವಾಗಿಯೇ ಹೇಳತೊಡಗಿದರು. ಗಡಿಯಾರದವನಿಗೆ ಚಹಾದಂಗಡಿಯಲ್ಲಿ ಲೋಟ ಮತ್ತೆ ನೆಟ್ಟಗಾಯಿತು. ಆಮೇಲೆ ಬೆಂಚಿನ ತುದಿ ಅವನದಾಯಿತು, ಆಮೇಲೆ ನಡುಮಧ್ಯ.

“ಏನಣ್ಣಾ, ಲೋಟ ಬೋರಲು ಹಾಕಿದ್ದವನು ನೀನೇ ಅಲ್ವಾ?” ಎಂದು ನೀರಕ್ಕ ಚಹಾದವನನ್ನು ಕೆಣಕಿದಳು.

“ಗಿರಾಕಿ ಕಣಕ್ಕ,” ಎಂದ ಅವನು ಕಣ್ಣು ತಪ್ಪಿಸಿ. “ಎಷ್ಟು ದಿನ ಅಂತ ಜಗಳ ಕಾಯೋದು? ಅವನೊಬ್ಬನೇ ಆಗಿದ್ರೆ ಬೇರೆ ಮಾತು.”

ಗಡಿಯಾರದವನು ಅಷ್ಟಕ್ಕೇ ನಿಲ್ಲಲಿಲ್ಲ. “ನೀರೇನು, ಜನಾನೇ ಎತ್ತಂಗಡಿ ಮಾಡಬೇಕು. ತಗ್ಗನ್ನೇ ಗುಡಿಸಿ ಹಾಕಬೇಕು” ಎಂದು ಹೊಸ ರಾಗ ತೆಗೆದ. ಕೇಳಿದವರು ಹೌಹಾರಿದರು. ಛೆ, ಅಷ್ಟೆಲ್ಲ ಅತಿಯಾಯಿತು ಎಂದರು. ಆ ಹೌಹಾರಿಕೆಯ ಪಕ್ಕದಲ್ಲಿ ಇಟ್ಟು ನೋಡಿದಾಗ ನೀರು ನಿಲ್ಲಿಸುವ ಮಾತು ಪಾಪದ ಕೂಸಿನಂತೆ ಕಾಣಿಸಿತು.

ಆಗ ಮಾಸ್ತರು ಸಭೆಯಲ್ಲಿ ಎದ್ದುನಿಂತರು. ಕಾಗದವಿಲ್ಲ, ಕೂಗಾಟವಿಲ್ಲ, ಎರಡೂ ಕೈ ಮುಗಿದು ಹೇಳಿದರು: “ಅಷ್ಟು ಕಠೋರ ಆಗೋದು ಬೇಡ. ಅವರೂ ಮನುಷ್ಯರೇ. ನೀರು ನಿಲ್ಲಿಸೋದು ಬೇಡವೇ ಬೇಡ. ಸ್ವಲ್ಪ ಕಡಿಮೆ ಮಾಡೋಣ. ಸದ್ಯಕ್ಕೆ.” ಎಂಥ ದೊಡ್ಡ ಮನಸ್ಸು ಎಂದು ಸಭೆ ಕೈ ಎತ್ತಿ ಒಪ್ಪಿ ಚಪ್ಪಾಳೆ ತಟ್ಟಿತು. ಬಾಗಿಲ ಬಳಿ ನಿಂತಿದ್ದ ನೀರಕ್ಕನೂ ಎರಡು ತಟ್ಟಿದಳು, ಯಾಕೆಂದರೆ ತಗ್ಗು ಉಳಿಯಿತು ಎಂದುಕೊಂಡಳು.

ಮರುದಿನ ಕಚೇರಿಯ ಗುಮಾಸ್ತ ಗುಂಡಿಯ ಅಂಚಿನ ಕಲ್ಲಿಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದ. ಸರಳು ಇನ್ನು ಮುಂದೆ ನೇರಕ್ಕೆ ಬರಬಾರದು, ಈ ಗೆರೆಗೆ ನಿಲ್ಲಬೇಕು. ನೇರದಿಂದ ಮೂರು ಬೆರಳಗಲ ಅಷ್ಟೇ. ಕೆಲವು ತಿಂಗಳ ಮೇಲೆ ಇನ್ನೊಂದು ಗೆರೆ ಬಂತು. ಹಳೆಯ ಗೆರೆಯನ್ನು ಯಾರೂ ಅಳಿಸಲಿಲ್ಲ, ಅಳಿಸುವ ಅಗತ್ಯವೂ ಇರಲಿಲ್ಲ. ಬೂಟಿನ ಧೂಳು ಕೂತು ಅದೇ ಮಾಸಿತು.

ಒಂದು ಮಧ್ಯಾಹ್ನ ನೀರಕ್ಕ ಮಗಳ ಶೆಡ್ಡಿಗೆ ಹೋದಳು. ಮೊದಲೆಲ್ಲ ಬಾಗಿಲಲ್ಲೇ ಹಬೆ ಮುಖಕ್ಕೆ ರಾಚುತ್ತಿತ್ತು, ಒಳಗೆ ನೀಲಿ, ಕೆಂಪು ಬಟ್ಟೆಗಳು ಹರಿಯುವ ನೀರಿನಲ್ಲಿ ಜಾಲಾಡುತ್ತಿದ್ದವು. ಈಗ ಸಿಮೆಂಟಿನ ತೊಟ್ಟಿಗಳಲ್ಲಿ ಒಂದು ಮಾತ್ರ ಒದ್ದೆಯಾಗಿತ್ತು. ನಲ್ಲಿಯ ಧಾರೆ ದಾರದಷ್ಟು ತೆಳ್ಳಗಿತ್ತು. ತೊಳೆದದ್ದು ಸಾಲದೆ ಬಣ್ಣ ಬಿಟ್ಟು ಒಂದರ ಮೇಲೊಂದು ಹತ್ತಿದ ಬಟ್ಟೆಗಳ ರಾಶಿ ಮೂಲೆಯಲ್ಲಿ ಬಿದ್ದಿತ್ತು. ಮೊಣಕೈವರೆಗೆ ನೀಲಿಯಾಗಿದ್ದ ಮಗಳು ಅದರ ಮೇಲೆಯೇ ಕೂತಿದ್ದಳು. ಅಳಿಯ ಇಟ್ಟಿಗೆ ಭಟ್ಟಿಗೆ ಕೂಲಿಗೆ ಹೋಗಿದ್ದ.

“ಯಾಕೆ ಹಿಂಗೆ ಮುಖ ಊದಿಸ್ಕೊಂಡು ಕೂತಿದೀಯ? ಎದ್ದು ತಲೆ ಬಾಚ್ಕೋ,” ಎಂದಳು ನೀರಕ್ಕ. ಸಮಾಧಾನ ಮಾಡಬೇಕೆಂದು ಇನ್ನೊಂದು ಮಾತು ಸೇರಿಸಿದಳು. “ಮಾಸ್ತರು ಅರ್ಧಕ್ಕಾದ್ರೂ ನಿಲ್ಲಿಸಿದ್ರಲ್ಲ ಬಿಡು. ಪೂರ್ತಿ ಮುಚ್ಚಲಿಲ್ಲವಲ್ಲ. ಅದೇ ದೊಡ್ಡದು.”

ಮಗಳು ತಲೆಯೆತ್ತಿದಳು. ತಾಯಿಯ ಬಾಯನ್ನೇ ನೋಡಿದಳು, ಅದರೊಳಗಿಂದ ಬೇರೆ ಯಾರೋ ಮಾತಾಡಿದ ಹಾಗೆ.

“ಅಮ್ಮಾ, ಈಗ ಏನಂದೆ?”

“ಏನಂದೆ?”

“ಗಡಿಯಾರದವನು ಮೊದಲ ಸಲ ಬಾಯಿ ಬಿಟ್ಟಾಗ ನಾವಿಬ್ರೂ ಇಲ್ಲೇ ಕೂತು ನಕ್ಕಿದ್ವಿ, ನೆನಪಿದೆಯಾ? ಅವತ್ತು ‘ಅರ್ಧ ನೀರು ಕೊಟ್ರೂ ದೊಡ್ಡದು’ ಅಂತ ಯಾರಾದ್ರೂ ಅಂದಿದ್ರೆ ನೀನು ಏನ್ಮಾಡ್ತಿದ್ದೆ?”

ಗೋಡೆಯ ಮೇಲೆ ಗಡಿಯಾರದವನ ಗಡಿಯಾರ ಟಕಟಕ ಎನ್ನುತ್ತಿತ್ತು.

“ಯಾರೋ ಅಲ್ಲ, ನನ್ನ ಹೆತ್ತ ತಾಯಿ ಅಂತಾಳೆ ಅದನ್ನ,” ಎಂದಳು ಮಗಳು. “ಅವರಿಗಿಂತ ನಿನ್ನ ಕಂಡ್ರೇ ನನಗೆ ಭಯ ಆಗ್ತಿದೆ ಈಗ.”

ನೀರಕ್ಕ ಒಬ್ಬಳೇ ದಿಬ್ಬ ಹತ್ತಿದಳು. ಯಾವ ದಿನ ಆ ಮಾತು ತನ್ನೊಳಗೆ ಇಳಿಯಿತು ಎಂದು ಹುಡುಕಿದಳು. ಒಂದು ದಿನವೂ ಸಿಕ್ಕಲಿಲ್ಲ. ಎಲ್ಲೂ ಒದ್ದಿರಲಿಲ್ಲ, ಎಲ್ಲೂ ಸದ್ದಾಗಿರಲಿಲ್ಲ.

ಅದಾದ ಮೇಲೆ ಬಂದದ್ದು ಕೊನೆಯ ಅಪ್ಪಣೆ. ಮಾಸ್ತರೇ ಅವಳನ್ನು ಮನೆಗೆ ಕರೆಸಿದರು. ಬೆತ್ತದ ಕುರ್ಚಿ, ಪುಸ್ತಕದ ಕಪಾಟು, ಕಿಟಕಿಯಲ್ಲಿ ತೊಟ್ಟಿಕ್ಕುವ ಹೂಕುಂಡ. ನೀರಕ್ಕ ನೆಲದ ಮೇಲೆ ಕೂರಹೋದರೆ ಮಾಸ್ತರು ತಾವೇ ಕುರ್ಚಿ ಎಳೆದು ಕೂರಿಸಿದರು. ಅವಳು ಕುರ್ಚಿಯ ಅಂಚಿನಲ್ಲೇ ಕೂತಳು.

“ತಗ್ಗಿನ ಕೊಳವೆ ಹಳೇದಾಯ್ತು. ದುರಸ್ತಿ ಅಂತ ಮುಚ್ಚಬೇಕು,” ಎಂದರು. “ಸದ್ಯಕ್ಕೆ.”

“ತೆರೆಯೋದು ಯಾವಾಗ ಮಾಸ್ತರೇ?”

ಅವರು ಕನ್ನಡಕ ತೆಗೆದು ಒರೆಸಿದರು. “ನೋಡೋಣ.”

“ಕೊಳವೆಗೆ ಏನೂ ಆಗಿಲ್ಲ. ನನಗೂ ಗೊತ್ತು, ನಿಮಗೂ ಗೊತ್ತು.”

“ಜನಕ್ಕೆ ಬೇಕಾಗಿದೆ ತಂಗಿ. ನಾನು ಬೇಡ ಅಂದ್ರೆ ನನ್ನನ್ನ ಮೆತ್ತನೆ ಮನುಷ್ಯ ಅಂತ ಪಕ್ಕಕ್ಕಿಟ್ಟು ಗಡಿಯಾರದವನನ್ನ ಸಭೆಗೆ ಕಳಿಸ್ತಾರೆ. ಅವನು ಬಂದ್ರೆ ಮನೆಗಳೂ ಉಳಿಯಲ್ಲ. ಅದಕ್ಕಿಂತ ಇದು ವಾಸಿ ಅಲ್ವಾ?” ಅವರ ದನಿಯಲ್ಲಿ ಕಪಟವಿರಲಿಲ್ಲ. ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. “ಒಂದೇ ದಿನಕ್ಕೆ ಬೇಡ. ಈ ವಾರ ಸ್ವಲ್ಪ, ಬರೋ ವಾರ ಸ್ವಲ್ಪ. ಕೊಳವೆಗೇ ಗೊತ್ತಾಗಬಾರದು. ನೀನೇ ಹೇಳಿದ್ದಲ್ವಾ?”

“ನಾನು ಹೇಳಿದ್ದು ಕೊಳವೆ ವಿಷಯ.”

“ನಿನ್ನನ್ನ ಈ ಊರಿಗೆ ಒಪ್ಪಿಸಿದ್ದು ಹೇಗೆ ಅಂದ್ಕೊಂಡೆ? ಹೀಗೇ. ಒಂದು ಬೀದಿ, ಎರಡು ಬೀದಿ. ಆವತ್ತು ನಿನಗೆ ತಪ್ಪು ಅನ್ನಿಸಿತ್ತಾ?”

ನೀರಕ್ಕ ಎದ್ದಳು. ಕೊಟ್ಟ ಕೈಯೇ ಕಸಿದುಕೊಳ್ಳುವಾಗ ಏನು ಹೇಳಬೇಕು ಎಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಬಾಗಿಲವರೆಗೆ ಬಿಡಲು ಬಂದ ಮಾಸ್ತರು ಭುಜ ತಟ್ಟಿ, “ಸರಳು ಬೇರೆಯವರ ಕೈಗೆ ಕೊಡೋಕೆ ನನಗೆ ಮನಸ್ಸಿಲ್ಲ. ಪಂಪ್‌ಹೌಸಿನ ಕೋಣೆನೂ ಸರಳಿನ ಜೊತೆಗೇ ಅಲ್ವಾ?” ಎಂದರು, ಬಹಳ ಪ್ರೀತಿಯಿಂದ.

ಆ ವಾರವೆಲ್ಲ ಅವಳು ಗೆರೆಯ ಮುಂದೆ ಕೂತು ಎದ್ದಳು. ಮುಚ್ಚುವುದಿಲ್ಲ ಎಂದರೆ ನಾಳೆಯೇ ಬೇರೊಬ್ಬ ಬರುತ್ತಾನೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಳೆಯುತ್ತಾನೆ. ತಗ್ಗು ಒಣಗಿದ್ದು ಯಾರಿಗೂ ಕೇಳಿಸುವುದೇ ಇಲ್ಲ. ತಾನೇ ನಿಧಾನ ಎಳೆದರೂ ಅಷ್ಟೇ. ಮಗಳ ಕಣ್ಣು ನೆನಪಾದಾಗಲೆಲ್ಲ ಸರಳು ಕೆಳಗಿಟ್ಟುಬಿಡುತ್ತಿದ್ದಳು.

ಸಭೆ ಸೇರುವ ದಿನ ಬಂತು. ಬೆಳಿಗ್ಗೆಯೇ ಅವಳು ಮಗಳಿಗೆ ಹೇಳಿ ಕಳಿಸಿದಳು: ತೊಟ್ಟಿ, ಬಾನಿ, ಕೊಡ, ಚೊಂಬು, ಏನಿದೆಯೋ ಎಲ್ಲ ನಲ್ಲಿ ಕೆಳಗಿಡಿ, ತಗ್ಗಿಗೆಲ್ಲ ಹೇಳು. ಆಮೇಲೆ ಗುಂಡಿಯ ಮುಚ್ಚಳ ಸರಿಸಿ, ಸರಳು ಸಿಕ್ಕಿಸಿ, ಎರಡೂ ಬಿಳಿ ಗೆರೆಗಳನ್ನು ದಾಟಿಸಿ ನೇರಕ್ಕೆ ತಂದು ನಿಲ್ಲಿಸಿದಳು. ಕೊಳವೆ ಬಹಳ ದಿನದ ಮೇಲೆ ಗುಡುಗುಟ್ಟಿತು. ತಗ್ಗಿನಲ್ಲಿ ಹೆಂಗಸರು ಕೂಗಾಡುವುದು ದಿಬ್ಬದವರೆಗೂ ಕೇಳಿಸಿತು.

ಕಚೇರಿ ತೆರೆಯುವ ಹೊತ್ತಾಯಿತು. ಚಹಾದಂಗಡಿಯ ಬೆಂಚು ತುಂಬಿತ್ತು. ನಡುಮಧ್ಯೆ ಗಡಿಯಾರದವನು.

“ಅಣ್ಣಾ, ಒಲೆ ಆರಿಸಿ ಬೆಂಚು ಒಳಗೆ ತಗೋ,” ಎಂದಳು ನೀರಕ್ಕ ಚಹಾದವನಿಗೆ.

“ಯಾಕಕ್ಕ, ನೀನು ಬಂದು ಕೂರ್ತೀಯ ಅಂತಲಾ?”

ಬೆಂಚು ಗೊಳ್ಳೆಂದು ನಕ್ಕಿತು. ಅವಳು ಇನ್ನೊಮ್ಮೆ ಹೇಳಿದಳು. ಅವನು ಕೇಳಲಿಲ್ಲ. ತೇಪೆಯ ಮೇಲೆ ನಿಂತು ಮಾತಾಡುತ್ತಿದ್ದ ಇಬ್ಬರನ್ನು ಕೈ ಬೀಸಿ ಗದರಿಸಿ ಆಚೆ ಓಡಿಸಿದಳು. ಮೆಟ್ಟಿಲ ಮೇಲೆ ಮಾಸ್ತರು ಕಾಣಿಸಿಕೊಂಡರು. ಸರಳು ನೇರ ನಿಂತಿರುವುದನ್ನು ಕಂಡು ಅವರ ಹುಬ್ಬು ಗಂಟಿಕ್ಕಿತು. ಹತ್ತಿರ ಬರಲು ಒಂದು ಮೆಟ್ಟಿಲು ಇಳಿದರು.

ನೀರಕ್ಕ ಕಾಲು ಊರಿ, ಗಂಡನನ್ನು ನೆನೆದು, ಎರಡೂ ಕೈಯಿಂದ ಸರಳನ್ನು ಒಂದೇ ಎಳೆತಕ್ಕೆ ಅಡ್ಡ ಮಾಡಿದಳು.

ನೆಲದೊಳಗೆ ಯಾರೋ ದೈತ್ಯ ಕೆಮ್ಮಿದಂತಾಯಿತು. ಸರಳು ಅವಳ ಕೈಯಿಂದ ಸಿಡಿದು ಗುಂಡಿಯ ಗೋಡೆಗೆ ಬಡಿಯಿತು. ಮರುಕ್ಷಣ ಕಚೇರಿಯ ಮುಂದಿನ ತೇಪೆ ಕಲ್ಲು ಮಣ್ಣು ಸಮೇತ ಎದ್ದು, ಮನೆಯೆತ್ತರದ ನೀರು ನೆಟ್ಟಗೆ ನಿಂತಿತು. ಬೆಂಚು ಮಗುಚಿತು. ಒಲೆ ಭುಸ್ಸೆಂದಿತು. ಗಡಿಯಾರದ ಅಂಗಡಿಯೊಳಗೆ ನೀರು ನುಗ್ಗಿ, ಗಡಿಯಾರಗಳು ಯಾವ್ಯಾವುದೋ ಹೊತ್ತಿನ ಗಂಟೆ ಬಾರಿಸುತ್ತಾ ತೇಲಿದವು. ಮೇಲಿನ ಬೀದಿಗಳ ನಲ್ಲಿಗಳೆಲ್ಲ ಒಂದೇ ಉಸಿರಿಗೆ ಬಿಕ್ಕಿ ನಿಂತವು.

ಜನ ಓಡಿ ಬಂದರು. ಸೋಪು ಹಚ್ಚಿದ ಮುಖದವರೂ ಬಂದರು. ತೊಯ್ದು ತೊಪ್ಪೆಯಾಗಿದ್ದ ಮಾಸ್ತರು ನೀರಿನಲ್ಲೇ ನಡೆದು ಅವಳ ಬಳಿ ನಿಂತರು. ಅವರ ದನಿ ಮಾತ್ರ ಮೊದಲಿನಂತೆ ಮೆತ್ತಗಿತ್ತು.

“ಕೈ ತಪ್ಪಿತು ಅನ್ನು,” ಎಂದರು ಅವಳಿಗಷ್ಟೇ ಕೇಳುವಂತೆ. “ವಯಸ್ಸಾಯ್ತು, ಸರಳು ಜಾರಿತು ಅನ್ನು. ಉಳಿದದ್ದು ನಾನು ನೋಡ್ಕೊಳ್ತೀನಿ. ಕೆಲಸನೂ ಉಳಿಯುತ್ತೆ, ಕೋಣೆನೂ ಉಳಿಯುತ್ತೆ.”

ಅದೊಂದು ಮಾತು ಸಾಕಾಗಿತ್ತು. ಕೈ ತಪ್ಪಿತು ಎಂದರೆ ಇದೊಂದು ಅಪಘಾತ. ತೇಪೆ ಹಾಕುತ್ತಾರೆ, ದುರಸ್ತಿ ಎಂದು ತಗ್ಗಿನ ಕೀಲ ಮುಚ್ಚೇ ಇರುತ್ತದೆ. ಯಾರೂ ಏನೂ ಕೇಳುವುದಿಲ್ಲ. ಪಂಪ್‌ಹೌಸಿನ ಕೋಣೆ ಕಣ್ಣ ಮುಂದೆ ಬಂತು: ಗಂಡ ಹೊಡೆದ ಮೊಳೆ, ಅದಕ್ಕೆ ತೂಗುಹಾಕಿದ ಅವನ ಅಂಗಿ.

“ಕೈ ತಪ್ಪಲಿಲ್ಲ!” ಎಂದು ಅವಳು ಕೂಗಿದಳು. ಬೀದಿಯ ಕೊನೆಯವರೆಗೂ ಕೇಳುವಂತೆ ಕೂಗಿದಳು. “ತಗ್ಗಿನ ನೀರು ಮುಚ್ಚು ಅಂದ್ರಿ, ಮುಚ್ಚಿದೆ. ಕಡಿಮೆ ಅಲ್ಲ, ದುರಸ್ತಿ ಅಲ್ಲ, ಸದ್ಯಕ್ಕೂ ಅಲ್ಲ. ಮುಚ್ಚೋದು. ಮುಚ್ಚಿದ್ರೆ ಹಿಂಗೇ ಸದ್ದಾಗುತ್ತೆ. ಇಷ್ಟು ದಿನ ಸದ್ದಾಗದ ಹಂಗೆ ಮಾಡ್ತಿದ್ದವಳು ನಾನು. ಇನ್ನು ಮಾಡಲ್ಲ.”

ಹಾಲಿನವಳು ಬಾಯಿಗೆ ಸೆರಗು ಹಿಡಿದು, “ಪೂರ್ತಿ ಮುಚ್ತಿದ್ರಾ? ನಾನು ಕಡಿಮೆ ಮಾಡೋದು ಅಂದ್ಕೊಂಡಿದ್ದೆ” ಎಂದಳು. “ಮುಚ್ಚಿದ್ರೆ ಏನೀಗ?” ಎಂದನೊಬ್ಬ. “ಏನೀಗ ಅಂತೀಯಾ? ಅಲ್ಲಿ ಎಳೇ ಮಕ್ಕಳಿಲ್ವಾ?” ಎಂದನು ಇನ್ನೊಬ್ಬ. “ನೀನೂ ಕೈ ಎತ್ತಿದ್ದೆಯಲ್ಲೋ!” “ನಾನೆಲ್ಲಿ ಎತ್ತಿದೆ? ನೀನು ಎತ್ತಿದೆ ಅಂತ ಸುಮ್ನಿದ್ದೆ!” ಮಾತಿಗೆ ಮಾತು ಬೆಳೆಯಿತು. ಗಡಿಯಾರದವನು ಮೊಣಕಾಲುದ್ದ ನೀರಿನಲ್ಲಿ ನಿಂತು ಏನೋ ಅರಚುತ್ತಿದ್ದ. ಅವನತ್ತ ಯಾರೂ ತಿರುಗಲಿಲ್ಲ. ಬಹಳ ದಿನಗಳಿಂದ ತಲೆ ಆಡಿಸಿ ಆಡಿಸಿ ಅಭ್ಯಾಸವಾಗಿದ್ದ ಬೀದಿ ಅವತ್ತು ಕೈ ಕೈ ಮಿಲಾಯಿಸುವಷ್ಟು ಜಗಳವಾಡಿತು. ಮಾಸ್ತರು ಅದರ ನಡುವೆ ಒದ್ದೆ ಕನ್ನಡಕ ಹಿಡಿದು, ತಮಗೆ ಗೊತ್ತಿಲ್ಲದ ಊರಿಗೆ ಬಂದವರಂತೆ ನಿಂತಿದ್ದರು.

ಸಂಜೆಯೊಳಗೆ ಸರಳನ್ನು ಅವಳಿಂದ ಕಿತ್ತುಕೊಂಡರು. ಕೋಣೆ ಖಾಲಿ ಮಾಡಿಸಿದರು. ಗಂಡನ ಅಂಗಿಯನ್ನು ಮೊಳೆಯ ಸಮೇತ ಕಿತ್ತುಕೊಂಡು ಅವಳು ತಗ್ಗಿಗೆ ಇಳಿದಳು. ಮಗಳು ಏನೂ ಕೇಳದೆ ಶೆಡ್ಡಿನ ಗೋಡೆಯಲ್ಲಿ ಆ ಮೊಳೆಗೆ ಜಾಗ ತೋರಿಸಿದಳು, ಗಡಿಯಾರದ ಪಕ್ಕದಲ್ಲಿ.

ಮುಚ್ಚುವ ಮಾತು ಆ ಸಲ ಸಭೆಗೆ ಬರಲಿಲ್ಲ. ಬಂದರೆ ಕೈ ಎತ್ತುವವರನ್ನು ಮುಖ ನೋಡಿ ಎಣಿಸಬೇಕಾಗುತ್ತಿತ್ತು, ಅದು ಯಾರಿಗೂ ಬೇಕಿರಲಿಲ್ಲ. ಕೊಳವೆಗೆ ಹೊಸ ತೇಪೆ ಬಿತ್ತು. ಹೊಸ ನೀರಿನವನು ಸರಳನ್ನು ಎರಡನೆಯ ಗೆರೆಗೆ ತಂದು ನಿಲ್ಲಿಸಿದ, ಅರ್ಧ ನೀರಿಗೆ. ಅದನ್ನು ನೇರಕ್ಕೆ ತನ್ನಿ ಎಂದು ಮಗಳು ತಗ್ಗಿನವರನ್ನು ಕಟ್ಟಿಕೊಂಡು ಕಚೇರಿಯ ಮೆಟ್ಟಿಲು ಹತ್ತಿದಳು. ಕಚೇರಿಯವರು ಮೊದಲ ಸಲ ನಕ್ಕರು. ಎರಡನೆಯ ಸಲ ಹೋದಾಗ ಕೂರಿಸಿದರು. ಈಗಲೂ ಹೋಗುತ್ತಿದ್ದಾಳೆ.

ಚಹಾದವನು ನೀರಕ್ಕನ ಜೊತೆ ಮಾತು ಬಿಟ್ಟ. ಅವನ ಒಲೆ, ಸಕ್ಕರೆ ಡಬ್ಬ, ಬೆಂಚು ಎಲ್ಲ ನೀರುಪಾಲಾಗಿತ್ತು. ಹೇಳಿದ್ದೆನಲ್ಲ ಎಂದರೆ ಸಾಲುತ್ತದೆಯೇ? ತಪ್ಪು ಮಾಡದವನ ಒಲೆ ಆರಿಸಿದೆನಲ್ಲ ಎಂದು ಅವಳಿಗೂ ಒಳಗೊಳಗೇ ಕೊರೆಯುತ್ತಿತ್ತು.

ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ಅವನು ಬಣ್ಣ ಮಾಸಿದ ಅಂಗಡಿಯ ಪರದೆ ಹಿಡಿದುಕೊಂಡು ಶೆಡ್ಡಿಗೆ ಬಂದ. ನೀರಕ್ಕನ ಕಡೆ ನೋಡದೆ ಮಗಳಿಗೆ, ನೀಲಿ ಹಾಕಮ್ಮ ಎಂದ. ಗಡಿಯಾರದವನು ಮತ್ತೆ ಬೆಂಚಿಗೆ ಬಂದು ತಗ್ಗಿನ ವಿಷಯ ತೆಗೆದನೆಂದೂ, ಅವನ ಲೋಟ ಬೋರಲಾಯಿತೆಂದೂ ಊರಲ್ಲಿ ಸುದ್ದಿಯಿತ್ತು.

“ಹೌದೇನಣ್ಣಾ?” ಎಂದಳು ನೀರಕ್ಕ.

“ತೊಳೆದು ಬೋರಲು ಹಾಕಿದ್ದೆ ಅಷ್ಟೇ. ಲೋಟ ಒಣಗಬೇಕಲ್ಲ,” ಎಂದು ಅವನು ಗೋಡೆಗೆ ಹೇಳಿದ. “ಹೊಸ ಒಲೆ ಅಕ್ಕ. ಮೊದಲಿನಷ್ಟು ಉರಿ ಇಲ್ಲ.”

ಅವಳು ಏನೋ ಹೇಳಹೊರಟಳು. ಅಷ್ಟರಲ್ಲಿ ದಿಬ್ಬದ ಮೇಲೆ ಸರಳು ಕಲ್ಲಿಗೆ ತಾಗಿದ ಸದ್ದು ಕೇಳಿಸಿತು. ನೀರಕ್ಕ ಕೈ ಎತ್ತಿ ಇಬ್ಬರನ್ನೂ ಸುಮ್ಮನಿರಿಸಿ, ಎದ್ದು ಹೋಗಿ ನೀಲಿ ಹತ್ತಿದ ಅಂಗೈಯನ್ನು ನಲ್ಲಿಯ ಕೊಳವೆಯ ಮೇಲಿಟ್ಟು ಕಿವಿಗೊಟ್ಟಳು. ನೀರು ಬರುವ ನಡುಕ ನಿನ್ನೆಯಷ್ಟೇ ಇದೆಯೇ, ಒಂದು ಕೂದಲೆಳೆ ಕಡಿಮೆಯೇ? ಚಹಾದವನೂ ಮಗಳೂ ಅವಳ ಮುಖವನ್ನೇ ನೋಡುತ್ತಾ ನಿಂತರು.